ಕಂಪನಿಗಳು ಫಾರಿನ್‌ನ್ಯಾಗ ರೊಕ್ಕ ಹಾಕಿದ್ರ ಇಲ್ಲಿ ಕರೆಂಟ್ ಉಳೀತೈತೇನ್ರಿ?

ಗೋಕುಲ್ ರೋಡ್ ಹುಡುಗ
ನಮ್ಮ ದೇಶದ ಕಂಪನಿ ಹೊರದೇಶದಾಗ ಫ್ಯಾಕ್ಟರಿ ಖರೀದಿ ಮಾಡಿದ್ರ ಅಲ್ಲಿಯ ಟೆಕ್ನಾಲಜಿ ಇಲ್ಲಿಗೆ ಬಂದು ನಮ್ಮ ಕಡೆ ಒಂದ್ ಟನ್ ಮಾಲಿಗೆ ಬೀಳೋ ಕರೆಂಟು, ಕಲ್ಲಿದ್ದಲು ಕಮ್ಮಿ ಆಗತೈತಿ ಅಂತ ಎಂ.ಎ. ಎಕನಾಮಿಕ್ಸ್ ಓದೋ ನಮ್ಮ ಮಾವನ ಮಗ ವಾದ ಮಾಡ್ತಾನ. ನಾ ಅಂತೀನಿ, ರೊಕ್ಕ ಹೊರಗ ಹೋದ್ಮ್ಯಾಲ ಇಲ್ಲಿ ಮಷಿನ್ ಬದಲ್ಸಾಕ ಏನ್ ಉಳೀತೈತಿ, ಮಣ್ಣು. ನಾ ಕೆಲಸ ಮಾಡೋದು ವಾಲ್ವ್ ಬಾಡಿ ಮಷಿನಿಂಗ್ ಮಾಡೋ ಸಣ್ಣ ಶೆಡ್‌ನ್ಯಾಗ, ಕಂಪ್ರೆಸರ್ ಊಟದ ಟೈಮಿಗೂ ಬಂದ್ ಆಗಂಗಿಲ್ಲ, ಪೈಪ್ ಜಾಯಿಂಟ್‌ನ್ಯಾಗ ಸುಂಯ್ ಅಂತ ಗಾಳಿ ಸೋರತಿರತೈತಿ, ಯಾರೂ ತಿರುಗಿ ನೋಡಂಗಿಲ್ಲ. ಮುಂಬೈದ ಯಾವನೋ ಸಾಹುಕಾರ ಜರ್ಮನಿಯಾಗ ಕಂಪನಿ ತಗೊಂಡ್ರ ಈ ಸೋರಿಕಿ ನಿಲ್ತೈತೇನು? ತಿಳಿದವರು ಹೇಳ್ರಿ, ಆದ್ರ ಪಿಡಿಎಫ್ ಲಿಂಕ್ ಒಗದು ಓಡಿ ಹೋಗಬ್ಯಾಡ್ರಿ.

ಮಿರ್ಚಿ ಗಿರ್ಮಿಟ್
ಮೊದ್ಲ ಆ ಜಾಯಿಂಟಿಗೆ ಟೆಫ್ಲಾನ್ ಟೇಪ್ ಸುತ್ತೋ ಮಾರಾಯಾ, ಜರ್ಮನಿ ಆಮ್ಯಾಲ ನೋಡೋಣಂತ 😂

ಸಾಧನಕೇರಿ ಮಾಸ್ತರ
ನಿನ್ನ ಮಾವನ ಮಗ ಪೂರ್ತಿ ಸುಳ್ಳೇನೂ ಹೇಳಿಲ್ಲಪಾ, ಆದ್ರ ಅರ್ಧಾ ಕಥಿ ಅಷ್ಟ ಹೇಳ್ಯಾನ. ಹೊರಗ ಹೂಡಿದ ಬಂಡವಾಳ ಮನೀಕಡೆ ಇಂಧನದ ಮ್ಯಾಲ ಮೂರು ದಾರಿಯಿಂದ ಪರಿಣಾಮ ಮಾಡ್ತದ. ಅವನು ಹೇಳಿದ್ದು ಒಂದ ದಾರಿ, ಅಂದ್ರ ಅಲ್ಲಿ ಕಲಿತದ್ದು ಇಲ್ಲಿಗೆ ವಾಪಸ್ ಬರೋದು. ಚೀನಾದವರು ಇದನ್ನ ಸರಕಾರದ ನೀತಿ ಅಂತನ ಮಾಡಿದ್ರು, ಹೊರಗ ಹೋಗ್ರಿ, ಖರೀದಿ ಮಾಡ್ರಿ, ಕಲೀರಿ ಅಂತ. ಗೀಲಿ 2010ರಾಗ ವೋಲ್ವೋ ಕಾರ್ ಕಂಪನಿ ತಗೊಂಡಿತು, ಮಿಡಿಯಾ 2016ರಾಗ ಜರ್ಮನಿಯ ರೋಬೋಟ್ ಕಂಪನಿ ಕೂಕಾ ತಗೊಂಡಿತು. ಈ ವಿಷಯದ ಮ್ಯಾಲ ಬಂದ ಅಧ್ಯಯನಗಳೊಳಗ ಭಾಳಷ್ಟು ಚೀನಾದ ಪ್ರಾಂತ್ಯವಾರು ಅಂಕಿ ಇಟ್ಕೊಂಡ ಮಾಡಿದ್ದು, ಅವುಗಳೊಳಗ ಮತ್ತ ಮತ್ತ ಬರೋ ಮಾತು ಏನಂದ್ರ, ಓದಿದ ಎಂಜಿನಿಯರು, ಸಂಶೋಧನಾ ಖರ್ಚು ಎಲ್ಲಿ ಮೊದಲಿಂದನ ಇತ್ತೋ ಅಂಥಾ ಪೂರ್ವ ಕರಾವಳಿ ಕಡೆ ಲಾಭ ಕಾಣಿಸ್ತದ, ಪಶ್ಚಿಮದ ಬಡ ಪ್ರಾಂತ್ಯದೊಳಗ ಅಷ್ಟು ಕಾಣಂಗಿಲ್ಲ.

ಎರಡನೇ ದಾರಿ ಒಂಥರಾ ಕಣ್ಕಟ್ಟು. ಜಪಾನ್ ನೋಡ್ರಿ. ಒಂದು ಟನ್ ಅಲ್ಯೂಮಿನಿಯಂ ಕರಗಿಸಿ ತೆಗೀಲಿಕ್ಕೆ ಸುಮಾರು 14-15 ಸಾವಿರ ಯುನಿಟ್ ಕರೆಂಟ್ ಬೇಕು. 1970ರ ದಶಕದಾಗ ಜಪಾನದವರು ವರ್ಷಕ್ಕ 10 ಲಕ್ಷ ಟನ್‌ಗಿಂತ ಹೆಚ್ಚು ತಾವ ತೆಗೀತಿದ್ರು, ತೈಲದ ಧಾರಣಿ ಏರಿದ್ಮ್ಯಾಲ ಅದು ಪರವಡಲಿಲ್ಲ, ಸ್ಮೆಲ್ಟರ್ ಒಂದೊಂದ ಮುಚ್ಚಿದ್ರು, ಇಂಡೋನೇಷಿಯಾದ ಅಸಹಾನ್ ನದಿ ಮ್ಯಾಲ ಜಲವಿದ್ಯುತ್ ಇದ್ದಲ್ಲಿ ರೊಕ್ಕ ಹಾಕಿದ್ರು, 1982ಕ್ಕ ಅಲ್ಲಿ ಉತ್ಪಾದನೆ ಶುರು ಆತು. ಆವಾಗ ಜಪಾನಿನ ಲೆಕ್ಕದ ಪುಸ್ತಕದೊಳಗ ಇಂಧನ ಬಳಕಿ ಕಮ್ಮಿ, ಜಿಡಿಪಿ ಮಾತ್ರ ಹಂಗ ಐತಿ, ಅಂದಮ್ಯಾಲ ದಕ್ಷತೆ ಏರಿದಂಗ ಕಾಣ್ತದ. ಖರೆ ಏನಾಗೇದ ಅಂದ್ರ ಒಲಿ ಬ್ಯಾರೆ ಮನೀಗೆ ಹೋಗೇದ. ಜಪಾನ್ ಬ್ಯಾರೆ ರಂಗದೊಳಗ ಖರೇನ ದಕ್ಷತೆ ಸಾಧಿಸೇದ, ಅದನ್ನ ಅಲ್ಲಗಳೆಯಂಗಿಲ್ಲ, ಆದ್ರ ಈ ಅಲ್ಯೂಮಿನಿಯಂ ಭಾಗ ಸಾಧನೆ ಅಲ್ಲ.

ಮೂರನೇದು, ಹೊರಗಿನ ಮಾರ್ಕೆಟ್ ಸಿಕ್ಕು ಇಲ್ಲಿ ಉತ್ಪಾದನೆ ಹೆಚ್ಚಾದ್ರ ಒಟ್ಟು ಇಂಧನ ಏರ್ತದ, ಟನ್ನಿಗೆ ಬೀಳೋದು ಇಳೀಬಹುದು. ಇವು ಮೂರೂ ಒಂದ ಸಂಖ್ಯೆಯೊಳಗ ಕಲಸಿ ಕೂತಿರ್ತಾವ, ಅದಕ್ಕ ಜಗಳ ಹರಿಯಂಗಿಲ್ಲ.

ಲೆಕ್ಕದ ಪುಸ್ತಕ
ಮಾಸ್ತರ, ನಾಲ್ಕನೇದು ಬಿಟ್ರಿ. ಹೊರಗ ಹೋಗೋ ರೊಕ್ಕ ಎಲ್ಲಾ ಫ್ಯಾಕ್ಟರಿಗೆ ಹೋಗತೈತಿ ಅಂತ ಯಾರ್ ಹೇಳಿದ್ರು? ಆರ್‌ಬಿಐ ಪಟ್ಟಿ ತಗದು ನೋಡ್ರಿ, ಸಿಂಗಾಪುರ, ಮಾರಿಷಸ್, ನೆದರ್‌ಲ್ಯಾಂಡ್ಸ್, ಯುಎಇ ಇವ ಮೇಲಿರ್ತಾವ. ಮಾರಿಷಸ್‌ನ್ಯಾಗ ಯಾವ ಬಾಯ್ಲರ್ ಟೆಕ್ನಾಲಜಿ ಕಲಿಯಾಕ ಹೋಗಿದ್ರು ಇವ್ರು? ಹೋಲ್ಡಿಂಗ್ ಕಂಪನಿ, ಅಂದ್ರ ಬರೇ ಬ್ಯಾರೆ ಕಂಪನಿಯ ಶೇರು ಹಿಡ್ಕೊಂಡ ಕೂಡೋ ಕಂಪನಿ ಮಾಡೋದು, ಟ್ಯಾಕ್ಸ್ ಉಳಸೋದು, ಅಲ್ಲಿಂದ ಮತ್ತ ಎಲ್ಲಿಗೋ ತಿರುಗಸೋದು. 2022ರ ಆಗಸ್ಟ್‌ನಾಗ ಬಂದ ಹೊಸ ನಿಯಮದ ಪ್ರಕಾರ ಕಂಪನಿ ತನ್ನ ನೆಟ್‌ವರ್ತ್‌ನ ನಾಲ್ಕು ಪಟ್ಟಿನ ತನಕ ಆಟೋಮ್ಯಾಟಿಕ್ ರೂಟ್‌ನ್ಯಾಗ, ಅಂದ್ರ ಮೊದಲ ಪರವಾನಗಿ ಕೇಳದ, ಹೊರಗ ಕಮಿಟ್ ಮಾಡಬಹುದು. ಆ ಫಾರ್ಮ್‌ಗಳನ್ನ ನಾ ತುಂಬೇನಿ, ಇಂಧನದ ಬಗ್ಗೆ ಒಂದೂ ಕಾಲಂ ಇರಂಗಿಲ್ಲ. ಹಂಗಾಗಿ ದೇಶದ ಒಟ್ಟು ಹೊರಹೂಡಿಕೆ ಇಷ್ಟು ಏರಿತು, ದಕ್ಷತೆ ಅಷ್ಟು ಏರಿತು ಅಂತ ಎರಡು ಗೆರಿ ಜೋಡಿಸಿ ತೋರ್ಸಿದ್ರ ನಾ ಅಂತೂ ನಂಬಂಗಿಲ್ಲ. ಸಿಂಗಾಪುರ ಆಫೀಸಿನ ಮೂಲಕ ಖರೇ ಫ್ಯಾಕ್ಟರಿ ತಗೊಂಡವ್ರೂ ಇದ್ದಾರ, ಅದು ಬ್ಯಾರೆ ಮಾತು, ಆದ್ರ ಪಟ್ಟಿ ನೋಡಿ ಯಾವುದು ಯಾವುದು ಅಂತ ಗೊತ್ತಾಗಂಗಿಲ್ಲ.

ಕಪ್ಪತಗುಡ್ಡದ ಗಾಳಿ
ಗದಗ ಕಡೆಯಿಂದ ಒಂದ್ ಕಥಿ ಹೇಳ್ತೀನಿ ಕೇಳ್ರಿ, ನಮ್ಮ ಗುಡ್ಡದ ಮ್ಯಾಲ ತಿರಗೋ ಫ್ಯಾನ್ ಎಲ್ಲಾರೂ ನೋಡೀರಿ. ಸುಜ್ಲಾನ್ ಅಂತ ಪುಣೆ ಕಂಪನಿ, 2006ರಾಗ ಬೆಲ್ಜಿಯಂದ ಹ್ಯಾನ್ಸೆನ್ ಅನ್ನೋ ಗೇರ್‌ಬಾಕ್ಸ್ ಕಂಪನಿ ತಗೊಂಡಿತು, 2007ರಾಗ ಜರ್ಮನಿಯ ರೀಪವರ್ ತಗೊಳ್ಳಾಕ ಫ್ರಾನ್ಸಿನ ಅರೇವಾ ಜೋಡಿ ಪೈಪೋಟಿ ಮಾಡಿ ಗೆದ್ದಿತು. ಆವಾಗ ಪೇಪರ್‌ನ್ಯಾಗ ಏನ್ ಸುದ್ದಿ ಅಂತೀರಿ, ಜರ್ಮನ್ ಟೆಕ್ನಾಲಜಿ ಇನ್ನ ನಮ್ಮದಾತು ಅಂತ. ಆದ್ರ ಜರ್ಮನಿ ಕಾನೂನು ಹೆಂಗೈತಿ ಅಂದ್ರ ಸಣ್ಣ ಶೇರುದಾರರು ಇರೋತನಕ ದೊಡ್ಡ ಮಾಲಕ ಬಂದು ಡ್ರಾಯಿಂಗ್ ಕೊಡ್ರಿ ಅಂದ್ರ ಸುಮ್ನ ಕೊಡಂಗಿಲ್ಲ, ಕಂಪನಿಯ ಹಿತ ಕಾಯಬೇಕು ಅವ್ರು. ಉಳಿದ ಶೇರೆಲ್ಲ ತಗೊಂಡು ನೂರಕ್ಕ ನೂರು ಆಗೋ ಹೊತ್ತಿಗೆ 2011 ಆತು. ಅಷ್ಟರಾಗ ಸಾಲ ಮೈಮ್ಯಾಲ ಬಂದಿತ್ತು, ಹ್ಯಾನ್ಸೆನ್ ಶೇರು ಮಾರಿದ್ರು, 2012ರ ಅಕ್ಟೋಬರ್‌ನಾಗ ಬಾಂಡ್ ರೊಕ್ಕ ತುಂಬಾಕ ಆಗಲಿಲ್ಲ, 2015ರಾಗ ಅದ ರೀಪವರ್, ಹೆಸರು ಬದಲಾಗಿ ಸೆನ್‌ವಿಯಾನ್ ಆಗಿತ್ತು, 100 ಕೋಟಿ ಯೂರೋಕ್ಕ ಮಾರಿ ಕೈ ತೊಳಕೊಂಡ್ರು.

ಅಂದ್ರ ಮಾಲಕತ್ವ ಬಂದಿದ್ದು ಒಂದ್ ವರ್ಷ, ಜ್ಞಾನ ಕೈಗೆ ಸಿಗೋ ಹಕ್ಕು ಬಂದಿದ್ದು ಮತ್ತೊಂದ್ ವರ್ಷ, ನಡುವೆ ಬಡ್ಡಿ ಮಾತ್ರ ಯಾರನ್ನೂ ಕಾಯಲಿಲ್ಲ. ರೊಕ್ಕ ಕೊಟ್ಟ ತಕ್ಷಣ ಟೆಕ್ನಾಲಜಿ ವಿಮಾನ ಹತ್ತಿ ಬರತೈತಿ ಅನ್ನೋವ್ರು ಇದನ್ನ ಓದಬೇಕು. ಹಂಗಂತ ಕಂಪನಿ ಮುಳುಗಲಿಲ್ಲ, ಇವತ್ತೂ ಟರ್ಬೈನ್ ಮಾಡ್ತೈತಿ, ಅದನ್ನೂ ಹೇಳಬೇಕಲ್ಲ.

ಬೆಂಗ್ಳೂರ್ ಬಸ್ಸು
ಒಂದು ಡೌಟು. ಗಾಳಿ ಕರೆಂಟು ಅಂದ್ರೆ ರಿನ್ಯೂಯಬಲ್ ಅಲ್ವಾ, ಇಂಧನ ದಕ್ಷತೆ ಅಂದ್ರೆ ಕಡಿಮೆ ಕರೆಂಟಲ್ಲಿ ಜಾಸ್ತಿ ಕೆಲಸ. ಎರಡನ್ನೂ ಮಿಕ್ಸ್ ಮಾಡ್ತಿದೀರ ಅನ್ಸುತ್ತೆ.

ಸಾಧನಕೇರಿ ಮಾಸ್ತರ
ಪ್ರಶ್ನೆ ಬರೋಬ್ಬರಿ ಅದ. ಆದ್ರ ದೇಶದ ಅಂಕಿ ತಗದಾಗ ಅವೂ ಮಿಕ್ಸ್ ಆಗ್ತಾವ. ಕಲ್ಲಿದ್ದಲು ಸುಟ್ಟಾಗ ಅದರ ಶಾಖದೊಳಗ ಸುಮಾರು ಮೂರನೇ ಒಂದು ಪಾಲು ಅಷ್ಟ ಕರೆಂಟ್ ಆಗ್ತದ, ಉಳಿದಿದ್ದು ಕೂಲಿಂಗ್ ಟವರ್, ಚಿಮಣಿ. ಗಾಳಿ ಕರೆಂಟಿಗೆ ಆ ನಷ್ಟ ಬರೆಯಂಗಿಲ್ಲ. ಹಿಂಗಾಗಿ ಕಲ್ಲಿದ್ದಲಿನ ಬದಲಿ ಗಾಳಿ ಬಂದ್ರ ಗಿರಣಿಯೊಳಗ ಒಂದ ಒಂದು ಮೋಟಾರ್ ಬದಲಾಗದಿದ್ರೂ ದೇಶದ ಇಂಧನ ತೀವ್ರತೆ, ಅಂದ್ರ ಜಿಡಿಪಿಯ ಒಂದು ರೂಪಾಯಿಗೆ ಬೀಳೋ ಇಂಧನ, ಕಾಗದದ ಮ್ಯಾಲ ಸುಧಾರಿಸ್ತದ. ಗೋಕುಲ್ ರೋಡ್ ಹುಡುಗ ಕೇಳಿದ್ದು ಮೋಟಾರಿನ ಮಾತು, ಅದಕ್ಕ ಬರೋಣ.

ಸಕ್ಕರಿ ಬಾಯ್ಲರ್
ನಾ ಹಾವೇರಿಯವ, ಆದ್ರ ಉತ್ತರ ಕರ್ನಾಟಕದ ಸಕ್ಕರಿ ಕಾರ್ಖಾನಿಗಳೊಳಗ ಬಾಯ್ಲರ್ ಕಡೆ ಕೆಲಸ ಮಾಡೇನಿ. ಸುಜ್ಲಾನ್ ಕಥಿ ಕೇಳಿ ಬೆಳಗಾವಿಯ ರೇಣುಕಾ ಶುಗರ್ಸ್ ನೆನಪಾತು. ಮುನವಳ್ಳಿಯಿಂದ ಶುರು ಆದ ಕಂಪನಿ, 2009-10ರ ಹೊತ್ತಿಗೆ ಬ್ರೆಜಿಲ್‌ನ್ಯಾಗ ಎರಡು ಕಂಪನಿ ಹಿಡೀತು, ವಾಲೆ ದೊ ಇವಾಯಿ ಪೂರ್ತಿ, ಎಕಿಪಾವ್ ಅರ್ಧಕ್ಕಿಂತ ಹೆಚ್ಚು. ನಮ್ಮ ಕಡೆ ಹುಡುಗ್ರಿಗೆಲ್ಲ ಆಗ ಅಗದೀ ಹುಮ್ಮಸ್ಸು. ಯಾಕಂದ್ರ ಬ್ರೆಜಿಲ್ ಗಿರಣಿ ಅಂದ್ರ ಒಂದ ಕಬ್ಬಿನಿಂದ ಧಾರಣಿ ನೋಡ್ಕೊಂಡ ಈ ಸಲ ಸಕ್ಕರಿ ಹೆಚ್ಚು ಮಾಡ್ಲ್ಯಾ, ಎಥೆನಾಲ್ ಹೆಚ್ಚು ಮಾಡ್ಲ್ಯಾ ಅಂತ ತಿರುಗಿಸಿಕೊಳ್ಳೋ ಪದ್ಧತಿ, ಜೊತಿಗೆ ಸಿಪ್ಪಿ ಸುಟ್ಟು ಕರೆಂಟ್ ಮಾರೋದು.

ಸಕ್ಕರಿ ಕಾರ್ಖಾನಿಯಾಗ ದಕ್ಷತೆ ಅಂದ್ರ ಏನು ಅಂತ ಹೊರಗಿನವ್ರಿಗೆ ಗೊತ್ತಿರಂಗಿಲ್ಲ, ಸ್ವಲ್ಪ ಹೇಳ್ತೀನಿ. 100 ಟನ್ ಕಬ್ಬು ಅರದ್ರ ಎಷ್ಟು ಟನ್ ಸ್ಟೀಮ್ ಖರ್ಚಾತು, ಅದ ಪರ್ಸೆಂಟ್. ಹಳೇ ಗಿರಣಿಯೊಳಗ 50ರ ಹತ್ರ ಇರತಿತ್ತು, ಒಳ್ಳೇ ಇವಾಪರೇಟರ್ (ರಸ ಕುದಿಸಿ ನೀರು ಆರಿಸೋ ಪಾತ್ರೆ) ಹಾಕಿ, ಒಂದು ಪಾತ್ರೆಯ ಆವಿಯನ್ನ ಮುಂದಿನ ಪಾತ್ರೆಗೆ ಸರಿಯಾಗಿ ಬಳಸ್ಕೊಂಡ್ರ 40ರ ಕೆಳಗ ಬರತೈತಿ. ಬಾಯ್ಲರ್ ಪ್ರೆಶರ್ ಮೊದಲು ಚದರ ಸೆಂ.ಮೀ.ಗೆ 21 ಕೆಜಿ, ಈಗ 87, 110. ಒಂದ ಸಿಪ್ಪಿ ರಾಶಿ, ಅದರಾಗ ಎಷ್ಟೋ ಪಟ್ಟು ಕರೆಂಟ್. ಈಗ ನೋಡ್ರಿ, ಈ ಹೈ ಪ್ರೆಶರ್ ಬಾಯ್ಲರ್ ಮಾಡೋವ್ರು ನಮ್ಮ ದೇಶದಾಗ ಇದ್ದಾರ, ಪುಣೆ ಚೆನ್ನೈ ಕಡೆಯಿಂದ ಬರ್ತಾವ. ಇದಕ್ಕ ಬ್ರೆಜಿಲ್‌ಗೆ ಹೋಗಬೇಕಾಗಿರಲಿಲ್ಲ. ಬ್ಯಾಂಕಿನ ರೊಕ್ಕ, ಕರೆಂಟ್ ಖರೀದಿ ಒಪ್ಪಂದ ಸಿಕ್ಕಿದ್ರ ಸಾಕಿತ್ತು.

ಆಮ್ಯಾಲ ಬ್ರೆಜಿಲ್‌ನ್ಯಾಗ ಏನಾತು ಅಂದ್ರ ಬರ ಬಿತ್ತು, ಅಲ್ಲಿಯ ಸರಕಾರ ಪೆಟ್ರೋಲ್ ರೇಟ್ ಹಿಡದಿಟ್ಟಿದ್ದಕ್ಕ ಎಥೆನಾಲ್‌ಗೂ ರೇಟ್ ಬರಲಿಲ್ಲ, ಅವ್ರ ರಿಯಾಲ್ ಬಿದ್ದು ಡಾಲರ್ ಸಾಲ ಉಬ್ಬಿತು, 2015ರಾಗ ಬ್ರೆಜಿಲ್ ಕಂಪನಿ ಅಲ್ಲಿಯ ಕೋರ್ಟಿನ ಆಸರಾ ಬೇಡಿತು, 2018ಕ್ಕ ಬೆಳಗಾವಿ ಕಂಪನಿಯ ಹಿಡಿತನ ಸಿಂಗಾಪುರದ ವಿಲ್ಮಾರ್ ಕೈಗೆ ಹೋತು. ರೊಕ್ಕ ಹೂಡಾಕ ಹೋದವ್ರ ಮನೀಗೇ ಹೊರಗಿನ ರೊಕ್ಕ ಬಂತು. ಇಂಥಾ ಸಾಲದ ದಿನದಾಗ ಯಾವ ಕಂಪನಿಯಾಗರ ಇವಾಪರೇಟರ್ ಬದಲ್ಸೋ ಫೈಲ್ ಮುಂದ ಸರೀತೈತೇನ್ರಿ? ಯಾರೂ ಬ್ಯಾಡ ಅನ್ನಂಗಿಲ್ಲ, ಬರೇ ಮುಂದಿನ ಸೀಜನ್, ಮುಂದಿನ ಸೀಜನ್ ಅಂತಾರ.

ಮಿರ್ಚಿ ಗಿರ್ಮಿಟ್
ಅಂದ್ರ ಹೊರಗ ಹೋದವ್ರೆಲ್ಲ ಹೊಡ್ತ ತಿಂದ್ರೇನು? ಟಾಟಾ, ಬಿರ್ಲಾ ಕಥಿ ಹೇಳ್ರಿ ಯಾರರ.

ತುಂಗಭದ್ರಾ ದಂಡಿ
ಬಿರ್ಲಾ ಕಥಿ ನಮ್ಮ ಮನಿ ಬಾಗಲಾಗ ಐತಿ, ನಾ ಹೇಳ್ತೀನಿ. ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣಂದಾಗ ಹರಿಹರ ಪಾಲಿಫೈಬರ್ಸ್, ಗ್ರಾಸಿಂದು. ಕಟ್ಟಿಗಿಯಿಂದ ಪಲ್ಪ್, ಪಲ್ಪ್‌ನಿಂದ ವಿಸ್ಕೋಸ್ ನೂಲು. ಅದ ಗ್ರೂಪಿನವ್ರು ಕೆನಡಾದಾಗ ಪಲ್ಪ್ ಗಿರಣಿ ಹಿಡದ್ರು, 2011ರಾಗ ಸ್ವೀಡನ್‌ನ ಡೊಮ್ಶೋ ಗಿರಣಿ ತಗೊಂಡ್ರು. ಅಲ್ಲಿ ಕಟ್ಟಿಗಿಯ ಯಾವ ಭಾಗನೂ ಒಗೆಯಂಗಿಲ್ಲ, ಸೆಲ್ಯುಲೋಸ್ ನೂಲಿಗೆ, ಲಿಗ್ನಿನ್ ಕಾಂಕ್ರೀಟಿಗೆ ಬೆರಸೋ ಪುಡಿಗೆ, ಉಳಿದ ಸಕ್ಕರಿ ಅಂಶ ಎಥೆನಾಲ್‌ಗೆ. ಪಲ್ಪ್ ಗಿರಣಿಯಾಗ ಕಟ್ಟಿಗಿ ಬೇಯಿಸಿ ಉಳಿಯೋ ಕರೀ ರಸ ಇರತೈತಲ್ಲ, ಅದನ್ನ ಗಟ್ಟಿ ಮಾಡಿ ಸುಟ್ರ ಗಿರಣಿಗೆ ಬೇಕಾದ ಸ್ಟೀಮ್‌ನಾಗ ದೊಡ್ಡ ಪಾಲು ಅದರಿಂದನ ಬರತೈತಿ. ನೀರು ಕಮ್ಮಿ ಇದ್ದಷ್ಟು ಚಲೋ ಉರೀತೈತಿ, ನೀರು ಹೆಚ್ಚಿದ್ರ ಅದನ್ನ ಆರ್ಸಾಕ ಶಾಖ ದಂಡ. ನಾರ್ಡಿಕ್ ದೇಶದವ್ರು ಇದರಾಗ ಪಳಗಿದವ್ರು.

ಆದ್ರ ಮಾಸ್ತರ ಹೇಳಿದ ಕಣ್ಕಟ್ಟು ಇಲ್ಲೂ ಐತಿ ನೋಡ್ರಿ. ಕೆನಡಾ, ಸ್ವೀಡನ್‌ನ್ಯಾಗ ಬೇಯಿಸಿದ ಪಲ್ಪ್ ಹಡಗಿನ್ಯಾಗ ಇಲ್ಲಿಗೆ ಬಂದ್ರ, ಬೇಯಿಸಿದ ಶಾಖ ಆ ದೇಶದ ಲೆಕ್ಕಕ್ಕ, ನೂಲಿನ ಬೆಲಿ ನಮ್ಮ ದೇಶದ ಲೆಕ್ಕಕ್ಕ. ಇಲ್ಲಿ ಒಂದು ಸ್ಕ್ರೂ ತಿರುಗಸದಿದ್ರೂ ರೂಪಾಯಿಗೆ ಬೀಳೋ ಇಂಧನ ಇಳೀತೈತಿ. ಇದನ್ನ ಪೂರ್ತಿ ಮೋಸ ಅಂತ ನಾ ಅನ್ನಂಗಿಲ್ಲ. ನಮ್ಮ ಕಡೆ ಪಲ್ಪ್ ಕಟ್ಟಿಗಿ ಅಂದ್ರ ಏನಂತ ಹಳಬರಿಗೆ ಗೊತ್ತೈತಿ, 1987ರಾಗ ಕುಸನೂರಿನ್ಯಾಗ ನೀಲಗಿರಿ ಕಿತ್ತು ಬ್ಯಾರೆ ಗಿಡ ಹಚ್ಚೋ ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ಆಗಿದ್ದು ಇದ ನೀಲಗಿರಿ, ಇದ ಗಾಂವಠಾಣಾ (ಊರ ಸಾಮೂಹಿಕ) ಜಮೀನಿನ ಸಲುವಾಗಿ. ಹೊರಗಿಂದ ಪಲ್ಪ್ ಬಂದಷ್ಟು ಇಲ್ಲಿ ನೀಲಗಿರಿ ಒತ್ತಡ ಕಮ್ಮಿ ಅನ್ನೋ ವಾದನೂ ಐತಿ. ನನ್ನ ತಕರಾರು ಇಷ್ಟ, ಅದನ್ನ ದಕ್ಷತೆ ಅಂತ ಕರೀಬ್ಯಾಡ್ರಿ.

ಬೆಂಗ್ಳೂರ್ ಬಸ್ಸು
ಟಾಟಾದು ನಾನು ಹೇಳ್ತೀನಿ. 2007ರಲ್ಲಿ ಯುರೋಪಿನ ಉಕ್ಕಿನ ಕಂಪನಿ ಕೋರಸ್ ತಗೊಂಡ್ರಲ್ಲ, ಹಾಲೆಂಡಿನ ಐಮೌಡನ್ ಪ್ಲಾಂಟ್ ಕೂಡ ಅದ್ರಲ್ಲೇ ಬಂತು. ಅಲ್ಲಿ ಹಿಸಾರ್ನಾ ಅಂತ ಪೈಲಟ್ ಫರ್ನೇಸ್ ಇದೆ, ಕಲ್ಲಿದ್ದಲು ಕಾಸಿ ಕೋಕ್ ಮಾಡೋ ಓವನ್ನೂ ಬೇಡ ಅದಿರನ್ನ ಉಂಡೆ ಕಟ್ಟೋದೂ ಬೇಡ, ಪುಡಿ ಅದಿರು ಪುಡಿ ಕಲ್ಲಿದ್ದಲು ನೇರ ಹಾಕೋದು, ಇಂಧನ ಕನಿಷ್ಠ 20 ಪರ್ಸೆಂಟ್ ಉಳಿಯುತ್ತೆ ಅನ್ನೋ ಲೆಕ್ಕ. ಅದನ್ನ ಜಮ್‌ಶೆಡ್‌ಪುರದಲ್ಲಿ ದೊಡ್ಡದಾಗಿ ಕಟ್ಟೋ ಮಾತು ಕಂಪನಿನೇ ಆಡಿದೆ. ಇದು ನಿಜವಾದ ವಾಪಸ್ ಬರೋ ಜ್ಞಾನ ಅಲ್ವಾ?

ಲೆಕ್ಕದ ಪುಸ್ತಕ
2007ರಾಗ ಖರೀದಿ, ಇವತ್ತೂ "ಮಾತು". ಅದ ಡೀಲಿನ್ಯಾಗ ಬಂದ ಬ್ರಿಟನ್ನಿನ ಪೋರ್ಟ್ ಟಾಲ್ಬಟ್‌ನ ಬ್ಲಾಸ್ಟ್ ಫರ್ನೇಸ್ 2024ರಾಗ ಬಂದ್ ಆದ್ವು. ಇನ್ನೊಂದ್ ಮಾತು, ನಮ್ಮ ಪಕ್ಕದ ತೋರಣಗಲ್ಲಿನ್ಯಾಗ ಜಿಂದಾಲ್‌ನವ್ರು 1999ರ ಹೊತ್ತಿಗೇ ಆಸ್ಟ್ರಿಯಾದವರ ಕೋರೆಕ್ಸ್ ಅನ್ನೋ ಕಬ್ಬಿಣ ತೆಗೆಯೋ ಫರ್ನೇಸ್ ಹಾಕಿದ್ರು, ಆಸ್ಟ್ರಿಯಾ ಕಂಪನಿಯನ್ನೇನೂ ಖರೀದಿ ಮಾಡ್ಲಿಲ್ಲ. ಚಹಾ ಕುಡಿಯಾಕ ಹೋಟೆಲ್ ಕೊಳ್ಳಬೇಕೇನ್ರಿ?

ಸಾಧನಕೇರಿ ಮಾಸ್ತರ
ಮಾತು ಚಲೋ ಹೇಳಿದ್ರಿ ಸಾಹೇಬ್ರ, ಆದ್ರ ಲೈಸೆನ್ಸ್ ತಗೊಂಡ್ರ ಮಷಿನ್ ಬರ್ತದ, ಮ್ಯಾನುವಲ್ ಬರ್ತದ. ಮ್ಯಾನುವಲ್‌ನ್ಯಾಗ ಇಲ್ಲದ್ದು ಇರ್ತದಲ್ಲ, ಚಾರ್ಜ್ (ಫರ್ನೇಸಿಗೆ ಹಾಕೋ ಮಾಲು) ಯಾವಾಗ ಹಾಕಬೇಕು, ಯಾವ ಸಪ್ಪಳ ಕೇಳಿದ್ರ ಇಳಿಸಬೇಕು, ಅದು ಮಂದಿ ಮಂದಿ ಜೋಡಿ ಕೆಲಸ ಮಾಡಿದ್ರ ಅಷ್ಟ ಬರ್ತದ. ಭಾರತ್ ಫೋರ್ಜ್ 2004ರಾಗ ಜರ್ಮನಿಯ ಫೋರ್ಜಿಂಗ್ ಕಂಪನಿ ತಗೊಂಡ ಉದಾಹರಣೆ ಇದಕ್ಕ ಹತ್ತಿರ ಬರ್ತದ ಅನ್ನಿಸ್ತದ, ಒಂದ ಧಂದೆ, ಒಂದ ಥರದ ಹ್ಯಾಮರ್ರು ಪ್ರೆಸ್ಸು, ಎರಡೂ ಕಡೆ ಎಂಜಿನಿಯರಿಗೆ ಒಬ್ಬರ ಮಾತು ಒಬ್ಬರಿಗೆ ತಿಳೀತದ. ಬಿರ್ಲಾದವರ ಹಿಂಡಾಲ್ಕೊ 2007ರಾಗ ತಗೊಂಡ ನೊವೆಲಿಸ್ ಬ್ಯಾರೆ ಥರ. ಅದು ಹಳೇ ಡಬ್ಬಿ ಕರಗಿಸಿ ಅಲ್ಯೂಮಿನಿಯಂ ತೆಗೆಯೋದರಾಗ ಜಗತ್ತಿಗೇ ದೊಡ್ಡದು, ಹಂಗ ಮಾಡಿದ್ರ ಹೊಸ ಲೋಹಕ್ಕ ಬೇಕಾಗೋ ಇಂಧನದ ಸುಮಾರು 5 ಪರ್ಸೆಂಟ್‌ನ್ಯಾಗ ಕೆಲಸ ಆಗ್ತದ. ಆದ್ರ ಅದನ್ನ ಇಲ್ಲಿಗೆ ತರಬೇಕಂದ್ರ ಬರೇ ಫರ್ನೇಸ್ ಸಾಲಂಗಿಲ್ಲ, ಡಬ್ಬಿ ಬ್ಯಾರೆ, ತಗಡು ಬ್ಯಾರೆ ಅಂತ ವಿಂಗಡಣಿ ಆಗಿ ಬರೋ ಗುಜರಿ ಬೇಕು. ನಮ್ಮ ಗುಜರಿಯವರು ಪಾತೇಲಿ, ಸೈಕಲ್ ರಿಮ್ಮು, ಕಿಟಕಿ ಎಲ್ಲಾ ಒಂದ ಚೀಲದಾಗ ತುಂಬ್ತಾರ.

ತಾರಿಹಾಳ ಕಾಕಾ
ಎಲ್ಲಾ ಓದಿದೆ. ದೊಡ್ಡ ದೊಡ್ಡವರ ಕಥಿ ಆತು, ಈಗ ನಮ್ಮಂಥ ಸಣ್ಣ ಫೌಂಡ್ರಿಯವರ ಕಥಿ ಕೇಳ್ರಿ. ನಾವು ಕಾಸ್ಟ್ ಐರನ್, ಸ್ವಲ್ಪ ಸ್ಟೀಲ್, ವಾಲ್ವ್ ಬಾಡಿ ಪಂಪ್ ಕೇಸಿಂಗ್ ಸುರೀತೀವಿ. ನಮ್ಮ ಒಬ್ಬ ಗಿರಾಕಿ ಭಾರತದವ್ರ, ಹೆಸರು ಬ್ಯಾಡ, ಅವ್ರು ಯುರೋಪಿನ್ಯಾಗ ಒಂದು ಕಂಪನಿ ತಗೊಂಡ್ರು. ತಗೊಂಡ ಮ್ಯಾಲ ಅಲ್ಲಿಯ ಒಬ್ಬ ವಯಸ್ಸಾದ ಫೌಂಡ್ರಿ ಮನಷಾನ ಕರ್ಕೊಂಡು ಸಪ್ಲೈಯರ್ ಆಡಿಟ್ ಅಂತ ಬಂದ್ರು. ನಾನು ಹೊಸ ಪೇಂಟ್ ಹೊಡಸಿ, ಬೋರ್ಡ್ ಹಾಕ್ಸಿ ತಯಾರಾಗಿ ಕುಂತಿದ್ದೆ. ಆ ಮನಷಾ ಬೋರ್ಡ್ ಕಡೆ ನೋಡಲೇ ಇಲ್ಲ. ಫರ್ನೇಸ್ ಪ್ಲಾಟ್‌ಫಾರ್ಮ್ ಮ್ಯಾಲ ಹೋಗಿ ಕೈಗಡಿಯಾರ ನೋಡ್ಕೊಂತ ನಿಂತ. ಮೆಟಲ್ ಕರಗಿ ರೆಡಿ ಆಗೈತಿ, ಟೆಂಪರೇಚರ್ ಬಂದೈತಿ, ಆದ್ರ ಕೆಳಗ ಮೋಲ್ಡ್ ಬಾಕ್ಸ್ ಇನ್ನೂ ಮುಚ್ಚಾಕತ್ತಾರ ಹುಡುಗ್ರು. ಲಿಡ್ ತೆರೆದ ಐತಿ, ಕೆಂಪಗ ಉರಿ ಮಾರಿಗೆ ಹೊಡ್ಯಾಕತ್ತೈತಿ. ಅಂವ ಇಂಗ್ಲಿಷ್‌ನ್ಯಾಗ ಇಷ್ಟ ಕೇಳಿದ, ಈ ಕಾಯೋ ಟೈಮಿನ ಕರೆಂಟ್ ಬಿಲ್ ಯಾರು ಕಟ್ತಾರ?

ನೋಡ್ರಿ, ಇಂಡಕ್ಷನ್ ಫರ್ನೇಸ್‌ನ್ಯಾಗ ಒಂದ್ ಟನ್ ಕಾಸ್ಟ್ ಐರನ್‌ಗೆ ಚಲೋ ನಡಸಿದ್ರ 550-600 ಯುನಿಟ್, ಹೆಂಗರ ನಡಸಿದ್ರ 700 ದಾಟತೈತಿ. ನಾವೆಲ್ಲಾ ತಿಳಕೊಂಡಿದ್ದು ಹೊಸಾ ಫರ್ನೇಸ್ ಬಂದ್ರ ಇಳೀತೈತಿ ಅಂತ. ಖರೆ ಅಂದ್ರ ಅದ ಫರ್ನೇಸು, ಲಿಡ್ ಮುಚ್ಚೋದು, ಮೋಲ್ಡ್ ತಯಾರಾದ ಮ್ಯಾಲ ಹೀಟ್ (ಒಂದು ಸಲ ಕರಗಿಸೋ ಸುತ್ತು) ಮುಗಿಯೋ ಹಂಗ ಟೈಮ್ ಹೊಂದಿಸೋದು, ಸ್ಕ್ರ್ಯಾಪಿಗೆ ಹತ್ತಿದ ಮರಳು ತುಕ್ಕು ತಗದು ಹಾಕೋದು, ಯಾಕಂದ್ರ ಮರಳು ಕರಗಿಸಾಕೂ ನಾವ ಕರೆಂಟ್ ಕೊಡ್ತೀವಲ್ಲ, ಇಷ್ಟ ಮಾಡಿದ್ದಕ್ಕ ಬಿಲ್ಲಿನ್ಯಾಗ ಫರಕ್ ಕಂಡಿತು. ಆ ಮನಷಾ ಮಷಿನ್ ಮಾರಾಕ ಬಂದಿರಲಿಲ್ಲ, ಅದಕ್ಕ ಅವನ ಮಾತು ಹಿಡಿಸಿತು. ಮಷಿನ್ ಮಾರೋವ್ರು ಬಂದ್ರ ಎಲ್ಲದಕ್ಕೂ ಹೊಸ ಮಷಿನ್ನ ಔಷಧ.

ಹಂಗಾಗಿ ತಮ್ಮಾ, ನಿನ್ನ ಪ್ರಶ್ನೆಗೆ ನನ್ನ ಉತ್ತರ, ಬರತೈತಿ, ಆದ್ರ ಕಂಪನಿಯ ಶೇರ್ ಸರ್ಟಿಫಿಕೇಟ್ ಜೋಡಿ ಬರಂಗಿಲ್ಲ, ಬೂಟು ಹಾಕ್ಕೊಂಡ ಮನಷಾ ಶಾಪ್ ಫ್ಲೋರಿಗೆ ಇಳಿದ್ರ ಬರತೈತಿ. ಮತ್ತ ಇದರಾಗ ಒಂದು ಸಿಟ್ಟೂ ಐತಿ. ಉಳಿತಾಯ ಆತು ಅಂತ ತಿಳಿದ ಕೂಡಲೇ ಅದ ಗಿರಾಕಿಯ ಪರ್ಚೇಸ್‌ನವ್ರು ಕೆಜಿಗೆ ರೇಟ್ ಇಳಸ್ರಿ ಅಂದ್ರು.

ಗೋಕುಲ್ ರೋಡ್ ಹುಡುಗ
ಕಾಕಾ ಇದ ಬೇಕಾಗಿತ್ತು ನನಗ 🙏 ಆದ್ರ ಆ ಗಿರಾಕಿ ಯುರೋಪ್ ಕಂಪನಿ ತಗೊಳ್ಳದಿದ್ರೂ ಒಬ್ಬ ಎಕ್ಸ್‌ಪರ್ಟ್‌ನ ಕರಸಬಹುದಿತ್ತಲ್ಲ?

ತಾರಿಹಾಳ ಕಾಕಾ
ಕರಸಬಹುದಿತ್ತು. ಕರಸಲಿಲ್ಲ. ತಮ್ಮ ಮನೀ ಮನಷಾ ಆದ ಮ್ಯಾಲ ಕರ್ಕೊಂಡ ಬಂದ್ರು.

ಆಡಿಟ್ ಅಕ್ಕ
ನಾನು ಎನರ್ಜಿ ಆಡಿಟ್ ಮಾಡ್ತೀನಿ, ವಿದ್ಯಾನಗರದಾಗ ಇರ್ತೀನಿ. ಕಾಕಾರ ಮಾತಿಗೆ ಪೂರ್ತಿ ಸಹಿ ಹಾಕ್ತೀನಿ, ಆದ್ರ ಸರಕಾರದ ನಿಯಮದ ಪಾಲು ಯಾರೂ ಹೇಳ್ಲಿಲ್ಲ. ದೊಡ್ಡ ಕಾರ್ಖಾನೆಗಳಿಗೆ ಬಿಇಇ, ಅಂದ್ರ ಕೇಂದ್ರದ ಇಂಧನ ದಕ್ಷತಾ ಬ್ಯೂರೋ, 2012ರಾಗ ಪ್ಯಾಟ್ ಅಂತ ಯೋಜನೆ ತಂತು, ಸಿಮೆಂಟು, ಉಕ್ಕು, ಪಲ್ಪು, ಜವಳಿ ಹಿಂಗ 8 ರಂಗ, 478 ಘಟಕ, ಪ್ರತಿಯೊಬ್ಬರಿಗೂ ಟನ್ನಿಗೆ ಇಷ್ಟು ಇಂಧನ ಇಳಸ್ಬೇಕು ಅಂತ ಗುರಿ. ಮೊದಲ ಸುತ್ತು ಮುಗಿದಾಗ ಸುಮಾರು 87 ಲಕ್ಷ ಟನ್ ತೈಲಕ್ಕ ಸಮನಾದ ಇಂಧನ ಉಳೀತು, ಗುರಿ ಇದ್ದದ್ದು 67 ಲಕ್ಷದ ಹತ್ರ. ಇದರೊಳಗ ಹೊರದೇಶದಾಗ ಕಂಪನಿ ಇದ್ದವರೂ ಇದ್ರು, ಇಲ್ಲದವರೂ ಇದ್ರು. ಅಂದಮ್ಯಾಲ ಒಂದು ಕಂಪನಿ ಹೊರಗ ಹೂಡಿಕೆ ಮಾಡ್ತು, ಅದ ಕಾಲಕ್ಕ ದಕ್ಷತೆನೂ ಏರ್ತು ಅಂದ್ರ ಯಾವುದು ಯಾವುದರಿಂದ ಅಂತ ಹೆಂಗ ಹೇಳ್ತೀರಿ? ಚಲೋ ನಡಸೋ ಕಂಪನಿಗೆ ರೊಕ್ಕ ಇರ್ತದ, ಅದ ಹೊರಗೂ ಹೂಡ್ತದ, ಅದ ಮನಿಯೊಳಗೂ ಮೋಟಾರ್ ಬದಲಸ್ತದ. ಕಾರಣ ಒಂದ, ಫಲ ಎರಡು.

ಸರಕಾರಿ ಕಂಪನಿನ ಹೊರಗ ಹೋದ ಉದಾಹರಣೆನೂ ಅದ. ಎಲ್‌ಇಡಿ ಬಲ್ಬ್ ಹಂಚಿದ ಇಇಎಸ್‌ಎಲ್, 2018ರಾಗ ಬ್ರಿಟನ್‌ನಾಗ ತನ್ನ ಅಂಗಸಂಸ್ಥೆ ಮೂಲಕ ಎಡೀನಾ ಅನ್ನೋ ಕಂಪನಿ ತಗೊಂಡಿತು. ಗ್ಯಾಸ್ ಎಂಜಿನ್ ಓಡಿಸಿ ಕರೆಂಟ್ ತೆಗೆಯೋದು, ಎಂಜಿನ್ನಿನ ಬಿಸಿಯಿಂದ ಬಿಸಿನೀರು, ಅದ ಬಿಸಿಯಿಂದ ತಂಪು ಮಾಡೋ ಯಂತ್ರನೂ ನಡಸೋದು, ಆಸ್ಪತ್ರೆ ಹೋಟೆಲ್‌ಗಳಿಗೆ ಹೇಳಿ ಮಾಡಿಸಿದ್ದು. ಇದನ್ನ ಭಾರತಕ್ಕ ತರಬೇಕು ಅನ್ನೋದ ಖರೀದಿಯ ಉದ್ದೇಶ ಆಗಿತ್ತು. ಯೋಚನೆ ಬರೋಬ್ಬರಿ. ಆದ್ರ ನೋಡ್ರಿ, ಬ್ರಿಟನ್ನಿನ್ಯಾಗ ಗ್ಯಾಸ್ ಪೈಪ್ ಎಲ್ಲಾ ಕಡೆ ಅದ, ಚಳಿಗೆ ಬಿಸಿನೀರು ಬೇಕೇ ಬೇಕು. ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ಗೆ ಬರೇ ತಂಪು ಸಾಕು, ಬಿಸಿನೀರು ತಗೊಂಡು ಏನ್ ಮಾಡೋದು? ಅಲ್ಲಿಗೆ ಬೇಕಾಗಿದ್ದು ಬಾಗಲಿಗೆ ಪ್ಲಾಸ್ಟಿಕ್ ಪರದೆ, ಗೋಡೆಗೆ ಹಸಿ ಹಿಡೀದ ಇನ್ಸುಲೇಷನ್, ಆವಿ ಹೋಗೋ ಕಂಡೆನ್ಸರ್ ತೊಳೆಯೋದು. ಅಲ್ಲಿಯ ಒಳ್ಳೇದು ಇಲ್ಲಿಯ ಒಳ್ಳೇದು ಆಗಬೇಕಂದ್ರ ಇಲ್ಲಿಯ ಹವಾ, ಇಲ್ಲಿಯ ಇಂಧನದ ರೇಟು ಹೊಂದಬೇಕು.

ಗೋಕುಲ್ ರೋಡ್ ಹುಡುಗನ ಕಂಪ್ರೆಸರ್‌ಗೆ ಬಂದ್ರ, ಪ್ರೆಶರ್ ಒಂದು ಬಾರ್ ಇಳಿಸಿದ್ರ ಸುಮಾರು 6-7 ಪರ್ಸೆಂಟ್ ಕರೆಂಟ್ ಉಳೀತದ. ಸೋರಿಕೆಯಿಂದ 20-30 ಪರ್ಸೆಂಟ್ ಗಾಳಿ ಹೋಗೋದು ನಮ್ಮ ಶೆಡ್‌ಗಳೊಳಗ ಸಾಮಾನ್ಯ. ಭಾನುವಾರ ಎಲ್ಲಾ ಮಷಿನ್ ಬಂದ್ ಇದ್ದಾಗ ಕಂಪ್ರೆಸರ್ ಒಂದ ಹಚ್ಚಿ, ಎಷ್ಟು ನಿಮಿಷ ಲೋಡ್ ಆಗ್ತದ (ಗಾಳಿ ತುಂಬ್ತದ) ಎಷ್ಟು ನಿಮಿಷ ಅನ್‌ಲೋಡ್ ಆಗ್ತದ (ಖಾಲಿ ತಿರುಗ್ತದ) ಬರ್ಕೋ. ಯಾರೂ ಗಾಳಿ ಬಳಸದಿದ್ರೂ ಲೋಡ್ ಆಗೋ ಹೊತ್ತೆಲ್ಲಾ ಸೋರಿಕೆಯ ಹೊತ್ತು. ಮಷಿನ್ ಬದಲ್ಸೋದಿದ್ರ 2025ರಾಗ ಬಿಇಇ ಅದಿತಿ ಅಂತ ಹೊಸ ಯೋಜನೆ ತಂದೈತಿ, ಸಣ್ಣ ಘಟಕಕ್ಕ ಸಾಲದ ಬಡ್ಡಿಯಾಗ 5 ಪರ್ಸೆಂಟ್, ಮಧ್ಯಮ ಘಟಕಕ್ಕ 3 ಪರ್ಸೆಂಟ್ ಸರಕಾರ ತುಂಬ್ತದ, ಆದ್ರ ಮೊದಲು ಆಡಿಟ್ ಆಗಿರಬೇಕು.

ಮಿರ್ಚಿ ಗಿರ್ಮಿಟ್
ನೋಡ್ರಿ, ಟೆಫ್ಲಾನ್ ಟೇಪ್ ಅಂತ ನಾ ಮೊದಲ ಹೇಳಿದ್ದೆ.

ತುಂಗಭದ್ರಾ ದಂಡಿ
ಅಕ್ಕಾರ, ಒಂದ್ ಮಾತು ಒಪ್ಪಂಗಿಲ್ಲ. ಒಂದ ಕಾರಣ ಎರಡು ಫಲ ಅಂದ್ರಿ. ಆದ್ರ ಹೊರಗ ಹೋದವ್ರ ಮ್ಯಾಲ ಅಲ್ಲಿಯ ನಿಯಮದ ಒತ್ತಡನೂ ಬರತೈತಿ. ಸ್ವೀಡನ್‌ನ್ಯಾಗ ಗಿರಣಿ ನಡಸೋವ್ರು ಅಲ್ಲಿ ಕಾರ್ಬನ್ ಲೆಕ್ಕ ಕೊಡಬೇಕು, ಅದ ಮ್ಯಾನೇಜ್‌ಮೆಂಟ್ ಅಲ್ಲಿಯ ಲೆಕ್ಕ ನೋಡಿ ಇಲ್ಲಿಯ ಲೆಕ್ಕ ಕೇಳತೈತಿ. ಮತ್ತ ಯುರೋಪಿನ ಗಡಿ ಕಾರ್ಬನ್ ತೆರಿಗಿ, ಅಂದ್ರ ಹೊರಗಿಂದ ಬರೋ ಮಾಲು ಮಾಡುವಾಗ ಬಿಟ್ಟ ಕಾರ್ಬನ್ ಮ್ಯಾಲ ಹಾಕೋದು, 2026ರ ಜನವರಿಯಿಂದ ಪೂರ್ತಿ ಜಾರಿ, ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ. ಅಲ್ಲಿ ಮನಿ ಇದ್ದವ್ರಿಗೆ ಆ ಬಿಸಿ ಎಲ್ಲರಕಿಂತ ಮೊದಲ ತಟ್ಟತೈತಿ.

ಆಡಿಟ್ ಅಕ್ಕ
ಅಲ್ಲಿಗೆ ಮಾಲು ಕಳಸೋವ್ರಿಗೂ ತಟ್ಟತದ್ರಿ, ಹೂಡಿಕೆ ಇರಲಿ ಬಿಡಲಿ. ಆದ್ರ ಒಪ್ಪಿದೆ, ಲೆಕ್ಕ ಕೇಳೋ ಅಭ್ಯಾಸ ಅಲ್ಲಿಂದ ಬರೋದು ಖರೆ. ನನ್ನ ಆಡಿಟ್‌ಗಳೊಳಗ ಸಬ್‌ಮೀಟರ್ ಹಾಕಿದ ಶೆಡ್ ಅಂದ್ರ ಹೆಚ್ಚಾಗಿ ಹೊರಗಿನ ಗಿರಾಕಿ ಇದ್ದವ್ರ. ಉಳಿದವ್ರು ಹೆಸ್ಕಾಂ ಬಿಲ್ ಒಂದ ತೋರಸ್ತಾರ, ಅದರಾಗ ಫರ್ನೇಸ್ ಎಷ್ಟು ಕಂಪ್ರೆಸರ್ ಎಷ್ಟು ದೇವರಿಗೇ ಗೊತ್ತು.

ಲೆಕ್ಕದ ಪುಸ್ತಕ
ಹಂಗಾದ್ರ ದೊಡ್ಡವರ ಲೆಕ್ಕ ನೀವ ನೋಡೋ ದಾರಿ ಹೇಳ್ತೀನಿ. ಶೇರು ಪೇಟೆ ನಿಯಂತ್ರಕ ಸೆಬಿ ನಿಯಮದ ಪ್ರಕಾರ ಮೇಲಿನ 1000 ಲಿಸ್ಟೆಡ್ ಕಂಪನಿ 2022-23ರಿಂದ ಬಿಆರ್‌ಎಸ್‌ಆರ್ ಅಂತ ಪರಿಸರ, ಸಾಮಾಜಿಕ ಜವಾಬ್ದಾರಿಯ ವರದಿ ಕೊಡಲೇಬೇಕು, ವಾರ್ಷಿಕ ವರದಿಯ ಜೋಡಿ ಬರತೈತಿ, ಯಾರ್ ಬೇಕಾದ್ರೂ ಇಳಿಸ್ಕೋಬಹುದು. ಒಟ್ಟು ಎಷ್ಟು ಇಂಧನ ಬಳಸಿದ್ರು, ರೂಪಾಯಿ ವಹಿವಾಟಿಗೆ ಎಷ್ಟು ಬಿತ್ತು ಅಂತ ಅದರಾಗ ಇರತೈತಿ. ಮೊದಲ ಸೆಕ್ಷನ್‌ನ್ಯಾಗ ಸ್ಟ್ಯಾಂಡ್‌ಅಲೋನ್ (ಆ ಕಂಪನಿಯದೊಂದ) ಲೆಕ್ಕನಾ ಕನ್ಸಾಲಿಡೇಟೆಡ್ (ಅಂಗಸಂಸ್ಥೆ ಎಲ್ಲಾ ಕೂಡಿಸಿದ) ಲೆಕ್ಕನಾ ಅಂತ ಬರದಿರ್ತಾರ, ಅದನ್ನ ನೋಡದ ಮುಂದ ಹೋಗಬ್ಯಾಡ್ರಿ. ಕನ್ಸಾಲಿಡೇಟೆಡ್ ಇದ್ರ ಸ್ವೀಡನ್, ಕೆನಡಾ ಗಿರಣಿ ಎಲ್ಲಾ ಕೂಡೇ ಸರಾಸರಿ, ಇಲ್ಲಿಯ ಗಿರಣಿ ಸುಧಾರಿಸ್ತೋ ಇಲ್ಲೋ ತಿಳಿಯಂಗಿಲ್ಲ. ಮತ್ತ ರೂಪಾಯಿಗೆ ಬೀಳೋದು ನೋಡಿ ಮೋಸ ಹೋಗಬ್ಯಾಡ್ರಿ. ಉಕ್ಕಿನ ಧಾರಣಿ ಏರಿದ ವರ್ಷ ವಹಿವಾಟು ಏರತೈತಿ, ಇಂಟೆನ್ಸಿಟಿ ತಾನ ಇಳೀತೈತಿ. ಟನ್ನಿಗೆ ಬಿದ್ದದ್ದು ಕೊಟ್ಟಿದ್ರ ಅದನ್ನ ಹಿಡೀರಿ.

ತಾರಿಹಾಳ ಕಾಕಾ
ಟನ್ನಿಗೆ ಅಂದ್ರೂ ಯಾವ ಟನ್ನು ಅಂತ ಕೇಳ್ರಿ. ಕರಗಿಸಿದ ಟನ್ನೋ, ಗಿರಾಕಿ ಪಾಸ್ ಮಾಡಿ ತಗೊಂಡ ಟನ್ನೋ? ರನ್ನರು, ರೈಸರು (ಅಚ್ಚಿಗೆ ಲೋಹ ಹರಿಯೋ, ತುಂಬೋ ದಾರಿಯಾಗ ಗಟ್ಟಿಯಾಗಿ ಉಳಿದ ತುಂಡು), ಬ್ಲೋಹೋಲ್ (ಗಾಳಿ ತೂತು) ಬಂದು ರಿಜೆಕ್ಟ್ ಆಗಿದ್ದು ಎಲ್ಲಾ ಮತ್ತ ಫರ್ನೇಸಿಗೆ ಹೋಗತೈತಿ. ನಮ್ಮಲ್ಲಿ ಕರಗಿಸಿದ ಲೆಕ್ಕಕ್ಕ 600 ಯುನಿಟ್ ಇದ್ರ, ಪಾಸಾದ ಮಾಲಿನ ಲೆಕ್ಕಕ್ಕ 1000 ಆಗೋದೇನೂ ಕಷ್ಟ ಇಲ್ಲ. ಆ ಯುರೋಪಿನ ಮನಷಾ ಕೇಳಿದ್ದು ಎರಡನೇ ಲೆಕ್ಕ.

ಆಡಿಟ್ ಅಕ್ಕ
ಕಾಕಾ, ಕಾಸ್ಟ್ ಐರನ್ ಹೀಟ್ ಬ್ಯಾರೆ, ಸ್ಟೀಲ್ ಹೀಟ್ ಬ್ಯಾರೆ ಪುಸ್ತಕದಾಗ ಬರಸ್ರಿ ಮತ್ತ, ಸ್ಟೀಲಿಗೆ ಟೆಂಪರೇಚರ್ ಹೆಚ್ಚು ಬೇಕು, ಎರಡೂ ಕೂಡಿಸಿದ್ರ ಯಾವ ತಿಂಗಳು ಸುಧಾರಿಸ್ತು ಅಂತ ಗೊತ್ತಾಗಂಗಿಲ್ಲ.

ತಾರಿಹಾಳ ಕಾಕಾ
ಬ್ಯಾರೆನ ಬರಸಾಕತ್ತೇವಿ ಅಕ್ಕಾರ. ಹುಡುಗಾ, ಭಾನುವಾರ ಕಂಪ್ರೆಸರ್ ಟೆಸ್ಟ್ ಮಾಡಿದ್ರ ಲೋಡ್ ಅನ್‌ಲೋಡ್ ಎಷ್ಟು ಬಂತು ಇಲ್ಲೇ ಹಾಕು, ನೋಡೋಣ.